ಉಗ್ರಾಣದಲ್ಲಿಟ್ಟ ನಾಚಿಕೆ ಮುಳ್ಳು

ಆಟಿ ತಿಂಗಳ ಒಂದು ದಿನ. ಉಡುಪಿಯ ನಮ್ಮ ಮನೆಯಲ್ಲಿ ಸಂಜೆ ನಾಲ್ಕಕ್ಕೇ ಲೈಟ್ ಹಾಕುವಷ್ಟು ಮೋಡ. ಜಗಲಿಯ ಗುಲಾಬಿ ಚಟ್ಟಿಯಲ್ಲಿ ತಾನಾಗಿ ಹುಟ್ಟಿದ ನಾಚಿಕೆ ಮುಳ್ಳು ಮಾತ್ರ ಎಲೆ ಬಿಚ್ಚಿಕೊಂಡೇ ಇತ್ತು. ಮುದುಡಿದ್ದು ಎಂದಿನ ಹಾಗೆ ಆರೂವರೆಗೆ. ಕತ್ತಲು ನೋಡಿ ಮಲಗುವುದಾದರೆ ನಾಲ್ಕಕ್ಕೇ ಮಲಗಬೇಕಿತ್ತು, ಅಲ್ವಾ?

1729ರಲ್ಲಿ ಫ್ರಾನ್ಸಿನ ಖಗೋಳ ವಿಜ್ಞಾನಿ ದ ಮೆರಾನ್ ಇಂಥದ್ದೇ ಗಿಡವನ್ನು ಕತ್ತಲಲ್ಲಿಟ್ಟು ನೋಡಿದ್ದರು. ಅಲ್ಲೂ ಎಲೆ ಹೊತ್ತಿಗೆ ಸರಿಯಾಗಿ ಬಿಚ್ಚಿತ್ತು. ಗಿಡ ಸೂರ್ಯನನ್ನು ಕಾಣದೆಯೂ ಅರಿಯುತ್ತದೆ ಎಂದುಕೊಂಡರು ಅವರು. ನಾನೂ ನೋಡಿಬಿಡುವಾ ಎಂದು ನಮ್ಮ ಕಿಟಕಿಯಿಲ್ಲದ ಉಗ್ರಾಣ ಖಾಲಿ ಮಾಡಿದೆ.

ಮೊದಲ ಸಲ ಕೆಟ್ಟಿತು. ನೋಡಲಿಕ್ಕೆಂದು ಪ್ರತಿ ಸಲ ಚಟ್ಟಿ ಎತ್ತುತ್ತಿದ್ದೆ. ಅಲುಗಾಡಿದರೆ ಸಾಕು, ಮುದುಡುವ ಗಿಡ ಅದು! ಎರಡನೇ ಸಲ ಚಟ್ಟಿ ಮುಟ್ಟಲಿಲ್ಲ. ಬಾಗಿಲ ಸಂದಿಗೆ ಗೋಣಿ ತುರುಕಿದೆ. ಟಾರ್ಚಿಗೆ ಹಸಿರು ಜಿಲೆಟಿನ್ ಕಾಗದ ಮೂರು ಸುತ್ತು ಸುತ್ತಿ, ಒಂದೆರಡು ಸೆಕೆಂಡು ಮಾತ್ರ ಬೆಳಕು ಬಿಟ್ಟೆ.

ಹೊರಗೆ ಆರಕ್ಕೆ ಬಿಚ್ಚುತ್ತಿದ್ದ ಎಲೆ ಎರಡನೇ ಬೆಳಿಗ್ಗೆ ಐದಕ್ಕೇ ಬಿಚ್ಚಿತ್ತು. ಮೂರನೇ ದಿನ ನಾಲ್ಕರ ಆಚೀಚೆ. ಅಲಾರಾಂ ಇಟ್ಟು ಎದ್ದವನನ್ನು ನೋಡಿ ಅಮ್ಮ, "ಎಂತದು ಮಾರಾಯ, ಕಳ್ಳ ಬೆಕ್ಕಿನ ಹಾಗೆ!" ಎಂದರು.

ನನಗೆ ಖುಷಿಯಾದದ್ದು ಈ ತಪ್ಪು ಲೆಕ್ಕಕ್ಕೇ. ಹೊರಗಿನ ಸೂರ್ಯ ಹೇಗೋ ತಿಳಿಯುತ್ತಿದ್ದರೆ ಗಿಡ ಆರಕ್ಕೇ ಏಳಬೇಕು. ಬೇಗ ಬೇಗ ಏಳುತ್ತಿದೆ ಎಂದರೆ ಅದರ ಒಳಗೇ ಸ್ವಲ್ಪ ಮುಂದೋಡುವ ಗಡಿಯಾರ ಇದೆ. ಸ್ವಿಸ್ ಸಸ್ಯವಿಜ್ಞಾನಿ ದ ಕಾಂದೊಲ್ 1832ರಲ್ಲೇ ಇದನ್ನು ಕಂಡಿದ್ದರು: ನಾಚಿಕೆ ಮುಳ್ಳಿನ ದಿನ 22-23 ಗಂಟೆಯದ್ದು. ದಿನಾ ಬೆಳಿಗ್ಗೆ ಅದನ್ನು 24ಕ್ಕೆ ತಿರುಗಿಸಿಡುವುದು ಬೆಳಕು.

ಈ ಗಡಿಯಾರದ ಹಲ್ಲುಗಳೆಲ್ಲ ಜೀನುಗಳು. ಸಾಸಿವೆಯ ಬಳಗದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಇದನ್ನು ಚೆನ್ನಾಗಿ ಬಿಡಿಸಿ ನೋಡಿದ್ದಾರೆ. ಬೆಳಗಿನ ಜೀನುಗಳು ಸಂಜೆಯವನ್ನು ಅದುಮಿಡುತ್ತವೆ, ಸಂಜೆಯವು ಬೆಳಗಿನವನ್ನು. ನಾಚಿಕೆ ಮುಳ್ಳಿನಲ್ಲಿ ಕಣ್ಣಿಗೆ ಕಾಣುವ ಗಡಿಯಾರದ ಮುಳ್ಳು ಎಂದರೆ ಎಲೆಬುಡದ ಉಬ್ಬು. ಅಲ್ಲಿ ನೀರು ಒಂದು ಬದಿಯ ಜೀವಕೋಶಗಳಿಂದ ಇಳಿದರೆ ಎಲೆ ಮಡಚುತ್ತದೆ.

ನಾಲ್ಕನೇ ದಿನ ಗಿಡ ಸಪ್ಪಗಾಯಿತು. ಪಾಪ ಅನ್ನಿಸಿ ಜಗಲಿಗೆ ತಂದಿಟ್ಟೆ. ಎರಡೇ ದಿನದಲ್ಲಿ ಮತ್ತೆ ಆರಕ್ಕೆ ಬಂತು. ಹಗಲು ಕತ್ತಲು, ರಾತ್ರಿ ದೀಪ ಇಟ್ಟು ಅದರ ದಿನವನ್ನೇ ತಿರುಗಾಮುರುಗಾ ಮಾಡಬೇಕೆಂದಿದ್ದೇನೆ. ಕರೆಂಟ್ ಬಿಲ್ ನೀನೇ ಕಟ್ಟು ಎಂದಿದ್ದಾರೆ ಅಮ್ಮ.