ಸುಳ್ಳು ಹೇಳುವ ಮೀಟರಿಗೆ ಒಂದು ಚೀಟಿ

2000ನೇ ಇಸವಿ ಅಕ್ಟೋಬರ್ 16ರ ರಾತ್ರಿ. ಅಮೆರಿಕದ ಮಿಸೌರಿ ರಾಜ್ಯದ ಮೇಲೆ ಮಳೆ, ಮೋಡ, ಕಗ್ಗತ್ತಲೆ. ಎರಡು ಎಂಜಿನ್ನಿನ ಪುಟ್ಟ ಸೆಸ್ನಾ 335 ವಿಮಾನದಲ್ಲಿ ಮೂವರಿದ್ದರು: ರಾಜ್ಯದ ಗವರ್ನರ್ ಮೆಲ್ ಕಾರ್ನಹನ್, ಅವರ ಸಹಾಯಕ, ಮತ್ತು ವಿಮಾನ ನಡೆಸುತ್ತಿದ್ದ ಅವರ ಮಗ. ಸೆನೆಟ್ ಚುನಾವಣೆಗೆ ಮೂರೇ ವಾರ ಉಳಿದಿತ್ತು, ಪ್ರಚಾರಕ್ಕೆ ಹೊರಟಿದ್ದರು. ವಿಮಾನ ಎತ್ತ ವಾಲಿದೆ, ಮೂತಿ ಮೇಲಿದೆಯೋ ಕೆಳಗಿದೆಯೋ ಎಂದು ತೋರಿಸುವ ತನ್ನೆದುರಿನ ಮೀಟರ್, ಆಟಿಟ್ಯೂಡ್ ಇಂಡಿಕೇಟರ್, ತೊಂದರೆ ಕೊಡುತ್ತಿದೆ ಎಂದು ಮಗ ರೇಡಿಯೊದಲ್ಲಿ ತಿಳಿಸಿದರು. ಬಲಗಡೆ ಸೀಟಿನ ಮುಂದೆ ಅಂಥದ್ದೇ ಇನ್ನೊಂದಿತ್ತು. ಆದರೆ ಅದನ್ನು ನೋಡಬೇಕಾದರೆ ಪ್ರತಿ ಸಲವೂ ಕತ್ತು ಹೊರಳಿಸಬೇಕು. ಸ್ವಲ್ಪ ಹೊತ್ತಿನಲ್ಲೇ ವಿಮಾನ ಗುಡ್ಡಗಾಡಿಗೆ ಬಿತ್ತು, ಮೂವರೂ ತೀರಿಕೊಂಡರು. ಪೈಲಟ್‌ಗೆ ಮೇಲೆ ಕೆಳಗೆ ಎಂಬ ಅಂದಾಜೇ ತಪ್ಪಿ ವಿಮಾನ ಹಿಡಿತಕ್ಕೆ ಸಿಗಲಿಲ್ಲ, ಕೆಟ್ಟ ಮೀಟರ್ ಮತ್ತು ಕೆಟ್ಟ ಹವೆ ಅದಕ್ಕೆ ಕಾರಣವಾದವು ಎಂದು ತನಿಖೆ ಹೇಳಿತು.

ಎರಡೂ ಎಂಜಿನ್ ಓಡುತ್ತಿದ್ದವು, ರೆಕ್ಕೆ ಮುರಿದಿರಲಿಲ್ಲ. ಗಡಿಯಾರದಷ್ಟು ದೊಡ್ಡ ಒಂದು ಮೀಟರ್ ಕೆಟ್ಟರೆ ಹಾರುವ ವಿಮಾನ ಬೀಳುವುದು ಹೇಗೆ? ಬೀಳದಂತೆ ಮಾಡುವುದು ಹೇಗೆ? ಜಕ್ಕೂರಿನಲ್ಲೋ ಬೆಳಗಾವಿಯಲ್ಲೋ ಕಲಬುರಗಿಯಲ್ಲೋ ಹಾರಾಟ ಕಲಿಯುತ್ತಿರುವ, ಕಲಿಯಬೇಕೆಂದಿರುವ ಮಕ್ಕಳು ಇದನ್ನು ಹಂತ ಹಂತವಾಗಿ ತಿಳಿದುಕೊಳ್ಳಲಿ ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ. ನಮ್ಮಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ 200 ಗಂಟೆ ಹಾರಾಟ ಬೇಕು. ಅದರಲ್ಲಿ ಕಡ್ಡಾಯವಾದ ರಾತ್ರಿ ಹಾರಾಟ ಐದೇ ಗಂಟೆ. ಹಾಗಾಗಿ ಆ ಐದು ಗಂಟೆಯ ಮೊದಲೇ ತಲೆಯಲ್ಲಿ ಕೂತಿರಬೇಕಾದ ಸಂಗತಿಗಳಿವು. ಅಭ್ಯಾಸ ಮಾತ್ರ ಇನ್‌ಸ್ಟ್ರಕ್ಟರ್ ಪಕ್ಕದಲ್ಲಿದ್ದಾಗಲೇ ಆಗಬೇಕು.

ಹಂತ 1: ಕುರ್ಚಿಯಲ್ಲಿ ಕೂತು ನೋಡಿ

ಇದನ್ನು ಮನೆಯಲ್ಲೇ ಮಾಡಬಹುದು. ಆಫೀಸಿನ ತಿರುಗುವ ಕುರ್ಚಿಯನ್ನು ಸಮತಟ್ಟಾದ ನೆಲದ ಮೇಲಿಡಿ. ಊಟವಾಗಿ ಎರಡು ಗಂಟೆಯಾದರೂ ಕಳೆದಿರಲಿ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೂತು, ಮುಷ್ಟಿ ಬಿಗಿದು ಹೆಬ್ಬೆರಳು ಮೇಲೆತ್ತಿ. ತಿರುಗುತ್ತಿದ್ದೇನೆ ಅನ್ನಿಸಿದ ದಿಕ್ಕಿಗೆ ಹೆಬ್ಬೆರಳು ವಾಲಿಸಬೇಕು, ನಿಂತಿದ್ದೇನೆ ಅನ್ನಿಸಿದರೆ ನೆಟ್ಟಗೆ ಮಾಡಬೇಕು. ಮನೆಯವರೊಬ್ಬರು ಕುರ್ಚಿಯನ್ನು ನಿಧಾನವಾಗಿ, ಒಂದೇ ವೇಗದಲ್ಲಿ, ಬಲಕ್ಕೆ ತಿರುಗಿಸುತ್ತಿರಲಿ. ಸುತ್ತ ಕೂತವರು ಸದ್ದು ಮಾಡಬಾರದು, ಸದ್ದು ಬಂದ ಕಡೆಯಿಂದ ದಿಕ್ಕು ಗೊತ್ತಾಗಿಬಿಡುತ್ತದೆ.

ಮೊದಲು ಹೆಬ್ಬೆರಳು ಸರಿಯಾಗಿ ಬಲಕ್ಕೆ ವಾಲುತ್ತದೆ. ಹತ್ತಿಪ್ಪತ್ತು ಸೆಕೆಂಡಾಗುವಷ್ಟರಲ್ಲಿ ಅದು ಮೆಲ್ಲಗೆ ನೆಟ್ಟಗಾಗುತ್ತದೆ. ಕುರ್ಚಿ ಇನ್ನೂ ತಿರುಗುತ್ತಲೇ ಇರುತ್ತದೆ! ಈಗ ಕುರ್ಚಿಯನ್ನು ಹಿಡಿದು ನಿಲ್ಲಿಸಿ. ಕೂತವರ ಹೆಬ್ಬೆರಳು ಎಡಕ್ಕೆ ಬಾಗುತ್ತದೆ. ‘ಎಡಕ್ಕೆ ಯಾಕೆ ತಿರುಗಿಸ್ತಿದ್ದೀರಿ?’ ಎಂದು ಕೇಳಿಯೇ ಕೇಳುತ್ತಾರೆ. ಬಟ್ಟೆ ಬಿಚ್ಚಿದಾಗ ಮುಖ ನೋಡಿ, ನಂಬುವುದಕ್ಕೇ ತಯಾರಿರುವುದಿಲ್ಲ.

ಒಳಕಿವಿಯಲ್ಲಿ ಅರ್ಧ ಬಳೆಯಂಥ ಮೂರು ಕೊಳವೆಗಳಿವೆ, ಒಳಗೆ ದ್ರವ ತುಂಬಿದೆ. ತಲೆ ತಿರುಗಿದಾಗ ದ್ರವ ಹಿಂದುಳಿಯುತ್ತದೆ, ಅದರಿಂದ ತಿರುವು ಗೊತ್ತಾಗುತ್ತದೆ. ಒಂದೇ ವೇಗದಲ್ಲಿ ತಿರುಗುತ್ತಲೇ ಇದ್ದರೆ ದ್ರವವೂ ಜೊತೆಗೇ ತಿರುಗತೊಡಗುತ್ತದೆ, ಸುದ್ದಿ ನಿಂತುಹೋಗುತ್ತದೆ. ತೀರಾ ನಿಧಾನವಾದ ತಿರುವಾದರೆ ಮೊದಲಿಗೂ ತಿಳಿಯುವುದಿಲ್ಲ. ಹಗಲಲ್ಲಿ ಕಣ್ಣು ಇದನ್ನೆಲ್ಲ ತಿದ್ದುತ್ತದೆ. ಅಮಾವಾಸ್ಯೆಯ ರಾತ್ರಿ, ಸಮುದ್ರದ ಮೇಲೋ ದೀಪವಿಲ್ಲದ ಕಾಡಿನ ಮೇಲೋ ಹಾರುವಾಗ, ತಿದ್ದಲು ಯಾರೂ ಇಲ್ಲ. ವಿಮಾನ ಬಲಕ್ಕೆ ವಾಲಿ ಸುತ್ತು ಹಾಕುತ್ತ ಇಳಿಯುತ್ತಿದ್ದರೂ ಸೀಟಿನಲ್ಲಿ ಕೂತವರಿಗೆ ನೇರವಾಗಿ ಹೋಗುತ್ತಿದ್ದೇವೆ ಅನ್ನಿಸುತ್ತದೆ. ಎತ್ತರ ಇಳಿಯುತ್ತಿದೆಯಲ್ಲಾ ಎಂದು ಮೂತಿ ಎತ್ತಲು ಸ್ಟಿಕ್ ಎಳೆದರೆ ಸುತ್ತು ಇನ್ನಷ್ಟು ಬಿಗಿಯಾಗುತ್ತದೆ.

ಇಲಿನಾಯ್ ವಿಶ್ವವಿದ್ಯಾಲಯದವರು ಮೀಟರ್ ನೋಡಿ ಹಾರಿಸಿ ಗೊತ್ತಿಲ್ಲದ 20 ಮಂದಿಯನ್ನು ಹೊರಗೆ ಏನೂ ಕಾಣದಂತೆ ಮಾಡಿ ಪರೀಕ್ಷಿಸಿದ್ದರು. 1954ರಲ್ಲಿ ವರದಿ ಬಂತು. ಇಪ್ಪತ್ತಕ್ಕೆ ಇಪ್ಪತ್ತೂ ಮಂದಿ ಹಿಡಿತ ಕಳೆದುಕೊಂಡಿದ್ದರು, ಸರಾಸರಿ 178 ಸೆಕೆಂಡಿನಲ್ಲಿ. ಒಂದು ಲೋಟ ಕಾಫಿ ಆರುವಷ್ಟು ಹೊತ್ತೂ ಇಲ್ಲ. ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ನಮ್ಮ ಬೆಂಗಳೂರಿನಲ್ಲೇ ಇದೆ. ಯುದ್ಧವಿಮಾನ ಹಾರಿಸುವವರಿಗೂ ಅಲ್ಲಿ ಈ ಭ್ರಮೆಯ ಪಾಠವಿದೆ. ಇದು ಧೈರ್ಯ, ಬುದ್ಧಿ, ಅನುಭವಕ್ಕೆ ಬಗ್ಗುವ ವಿಷಯವಲ್ಲ. ಕಿವಿ ಇರುವವರಿಗೆಲ್ಲ ಆಗುತ್ತದೆ.

ಹಂತ 2: ಯಾವ ಮೀಟರ್ ಯಾರ ಅನ್ನ ತಿನ್ನುತ್ತದೆ, ತಿಳಿಯಿರಿ

ಹಳೆಯ ಮಾದರಿಯ ತರಬೇತಿ ವಿಮಾನದ ಎದುರು ಫಲಕದಲ್ಲಿ ಆರು ದುಂಡು ಮೀಟರ್‌ಗಳಿರುತ್ತವೆ. ಅವುಗಳ ಹಿಂದೆ ಮೂರು ಬೇರೆ ಬೇರೆ ಮೂಲಗಳಿವೆ.

ಆಟಿಟ್ಯೂಡ್ ಇಂಡಿಕೇಟರ್ ಅಂದರೆ ಕೃತಕ ದಿಗಂತ, ಮೇಲೆ ನೀಲಿ ಆಕಾಶ, ಕೆಳಗೆ ಕಂದು ನೆಲ. ಅದರ ಒಳಗಿರುವುದು ಒಂದು ಬುಗುರಿ (ಗೈರೊ). ಮೂತಿ ಯಾವ ದಿಕ್ಕಿಗಿದೆ ಎಂದು ತೋರಿಸುವ ಹೆಡಿಂಗ್ ಇಂಡಿಕೇಟರ್‌ನಲ್ಲೂ ಒಂದು ಬುಗುರಿ. ಸಾಮಾನ್ಯವಾಗಿ ಎರಡನ್ನೂ ತಿರುಗಿಸುವುದು ಎಂಜಿನ್ನಿಗೆ ಜೋಡಿಸಿದ ವ್ಯಾಕ್ಯೂಮ್ ಪಂಪ್ ಎಳೆಯುವ ಗಾಳಿ. ಪಂಪಿನ ಒಳಗಿನ ಕಾರ್ಬನ್ ಪಟ್ಟಿಗಳು ಸವೆಯುತ್ತವೆ, ಒಂದು ದಿನ ಏನೂ ಸೂಚನೆ ಕೊಡದೆ ಮುರಿಯುತ್ತವೆ. ಆಮೇಲೆ ಆಗುವುದನ್ನು ನಮ್ಮ ಮಕ್ಕಳಿಗೆ ಹೇಳಿಕೊಡಬೇಕಾಗಿಯೇ ಇಲ್ಲ. ಚಾಟಿ ಬೀಸಿ ಬಿಟ್ಟ ಬುಗುರಿ ಒಮ್ಮೆಲೇ ಬೀಳುತ್ತದೆಯೇ? ಕಸುವು ಕಡಿಮೆಯಾದಂತೆ ಮೆಲ್ಲಗೆ ತೂಗುತ್ತದೆ, ಸ್ವಲ್ಪ ವಾಲುತ್ತದೆ, ಇನ್ನೂ ಸ್ವಲ್ಪ ವಾಲುತ್ತದೆ. ಕೃತಕ ದಿಗಂತವೂ ಹಾಗೆಯೇ ಕೆಲವು ನಿಮಿಷ ತೆಗೆದುಕೊಂಡು ವಾಲುತ್ತದೆ. ಪೈಲಟ್ ಅದನ್ನು ನಂಬಿ ವಿಮಾನವನ್ನು ಅದಕ್ಕೆ ತಕ್ಕಂತೆ ವಾಲಿಸುತ್ತ ಹೋಗುತ್ತಾರೆ. ಅಷ್ಟು ನಿಧಾನದ ವಾಲು ಕಿವಿಗೂ ತಿಳಿಯುವುದಿಲ್ಲ. ಒಮ್ಮೆಲೇ ನಿಂತು ಬಿದ್ದಿದ್ದರೆ ಯಾರಿಗಾದರೂ ಗೊತ್ತಾಗುತ್ತಿತ್ತು. ಸರಿಯಿರುವ ಹಾಗೇ ಕಾಣುತ್ತ ತಪ್ಪು ತೋರಿಸುವುದೇ ಇದರ ಅಪಾಯ.

ಎರಡನೆಯ ಮೂಲ ವಿದ್ಯುತ್ತು. ವಿಮಾನ ಎತ್ತ ತಿರುಗುತ್ತಿದೆ ಎಂದು ತೋರಿಸುವ ಟರ್ನ್ ಕೋಆರ್ಡಿನೇಟರ್ ಸಾಮಾನ್ಯವಾಗಿ ಅದರಿಂದ ನಡೆಯುತ್ತದೆ. ಪಂಪ್ ಸತ್ತರೂ ಅದು ಬದುಕಿರಲಿ ಎಂದೇ ಹಾಗೆ ಮಾಡಿರುವುದು.

ಮೂರನೆಯದು ಹೊರಗಿನ ಗಾಳಿ. ರೆಕ್ಕೆಯ ಕೆಳಗಿನ ಪಿಟಾಟ್ ಟ್ಯೂಬ್ ಎದುರುಗಾಳಿಯನ್ನು, ಪಕ್ಕದ ಸಣ್ಣ ಸ್ಟ್ಯಾಟಿಕ್ ತೂತು ಸುತ್ತಲಿನ ಒತ್ತಡವನ್ನು ಒಳಗೆ ಕಳಿಸುತ್ತವೆ. ವೇಗದ ಮೀಟರಿಗೆ ಎರಡೂ ಬೇಕು. ಎತ್ತರ ತೋರಿಸುವ ಆಲ್ಟಿಮೀಟರಿಗೂ ಏರಿಳಿತದ ಮೀಟರಿಗೂ ಸ್ಟ್ಯಾಟಿಕ್ ತೂತೊಂದೇ ಸಾಕು. ಸ್ಟ್ಯಾಟಿಕ್ ಕಟ್ಟಿಕೊಂಡರೆ ಆಲ್ಟಿಮೀಟರ್ ಇದ್ದಲ್ಲೇ ನಿಲ್ಲುತ್ತದೆ. ಪಿಟಾಟ್ ಪೂರ್ತಿ ಮುಚ್ಚಿಕೊಂಡರೆ ವೇಗದ ಮೀಟರ್ ಆಲ್ಟಿಮೀಟರಿನ ವೇಷ ಹಾಕುತ್ತದೆ: ಏರಿದಂತೆ ವೇಗ ಹೆಚ್ಚಿದಂತೆ ತೋರಿಸುತ್ತದೆ. ವೇಗ ಜಾಸ್ತಿಯಾಯಿತೆಂದು ಮೂತಿ ಇನ್ನೂ ಮೇಲೆತ್ತಿದರೆ ನಿಜವಾದ ವೇಗ ಕರಗಿ ವಿಮಾನ ಬೀಳುತ್ತದೆ. 1996ರ ಫೆಬ್ರವರಿಯಲ್ಲಿ ಡೊಮಿನಿಕನ್ ಗಣರಾಜ್ಯದಿಂದ ರಾತ್ರಿ ಹೊರಟ ಬಿರ್ಗನ್‌ಏರ್ ಕಂಪನಿಯ ಬೋಯಿಂಗ್ 757 ಹೀಗೆ ಸಮುದ್ರಕ್ಕೆ ಬಿದ್ದು 189 ಮಂದಿ ಸತ್ತರು. ದಿನಗಟ್ಟಲೆ ನಿಂತಿದ್ದ ವಿಮಾನದ ಪಿಟಾಟ್‌ನಲ್ಲಿ ಮಣ್ಣಿನ ಗೂಡು ಕಟ್ಟುವ ಕಣಜ ಮನೆ ಮಾಡಿತ್ತು ಎಂದು ತನಿಖೆಗಾರರು ತರ್ಕಿಸಿದರು. ನಮ್ಮ ಕಿಟಕಿ ಮೂಲೆಗಳಲ್ಲಿ, ಸ್ವಿಚ್‌ಬೋರ್ಡಿನ ತೂತಿನಲ್ಲಿ ಗೂಡು ಕಟ್ಟುತ್ತದಲ್ಲ, ಅಂಥದ್ದೇ ಹುಳ.

ಹಂತ 3: ನೆಲದ ಮೇಲೆ ಹಿಡಿಯಿರಿ

ಟಾರ್ಚ್ ಹಿಡಿದು ಹೊರಡಿ. ಪಿಟಾಟ್ ಕವರ್ ತೆಗೆದಿದೆಯೇ ಎಂದು ಕೈಯಲ್ಲಿ ಮುಟ್ಟಿ ನೋಡಿ, ತೂತಿನ ಒಳಗೆ ಬೆಳಕು ಬಿಡಿ. ಎಂಜಿನ್ ಶುರುವಾದ ಮೇಲೆ, ಪಂಪ್ ಎಷ್ಟು ಎಳೆಯುತ್ತಿದೆ ಎಂದು ತೋರಿಸುವ ಸಕ್ಷನ್ ಗೇಜ್ ಹಸಿರು ಪಟ್ಟಿಗೆ ಬರಬೇಕು, ಬಹಳಷ್ಟು ವಿಮಾನಗಳಲ್ಲಿ ಅದು ಪಾದರಸದ 4.5ರಿಂದ 5.5 ಇಂಚು. ಐದು ನಿಮಿಷದಲ್ಲಿ ಕೃತಕ ದಿಗಂತ ನೆಟ್ಟಗಾಗಬೇಕು.

ಟ್ಯಾಕ್ಸಿ ಮಾಡುವಾಗಿನ, ಅಂದರೆ ನೆಲದ ಮೇಲೆ ವಿಮಾನ ಸಾಗಿಸುವಾಗಿನ, ತಿರುವುಗಳನ್ನು ವ್ಯರ್ಥ ಮಾಡಬೇಡಿ. ಎಡಕ್ಕೆ ತಿರುಗಿದಾಗ ಟರ್ನ್ ಕೋಆರ್ಡಿನೇಟರಿನ ಪುಟ್ಟ ವಿಮಾನ ಎಡಕ್ಕೆ ವಾಲಬೇಕು, ಕೆಳಗಿನ ಗುಂಡು ಬಲಕ್ಕೆ ಉರುಳಬೇಕು, ಹೆಡಿಂಗ್ ಅಂಕಿ ಕಡಿಮೆಯಾಗುತ್ತ ಹೋಗಬೇಕು, ದಿಗಂತ ಮಾತ್ರ ಐದು ಡಿಗ್ರಿಗಿಂತ ಹೆಚ್ಚು ಅಲುಗಬಾರದು. ನಾಲ್ಕರಲ್ಲಿ ಒಂದು ತಪ್ಪಿದರೂ ಅವತ್ತು ಹೊರಡಬೇಡಿ. ಸರಿಯಿರುವ ಮೀಟರ್ ಕೂಡ ಗೊತ್ತಿಲ್ಲದಿದ್ದರೆ ಕೊಲ್ಲಬಹುದು. 1959ರ ಫೆಬ್ರವರಿ 3ರ ನಡುರಾತ್ರಿ ಅಯೋವಾದಲ್ಲಿ ಗಾಯಕ ಬಡ್ಡಿ ಹಾಲಿ ಇದ್ದ ಬೊನಾಂಜಾ ವಿಮಾನ ಬಿತ್ತು. ಅದರಲ್ಲಿದ್ದ ಗೈರೊ ಮೀಟರ್ ಕೆಟ್ಟಿರಲಿಲ್ಲ. ಪೈಲಟ್‌ಗೆ ರೂಢಿಯಿದ್ದ ಮೀಟರಿಗೆ ತದ್ವಿರುದ್ಧವಾಗಿ ಅದು ಮೂತಿಯ ಏರಿಳಿತ ತೋರಿಸುವಂಥದ್ದಾಗಿತ್ತು.

ಹಂತ 4: ಮೂವರು ಸಾಕ್ಷಿಗಳನ್ನು ಕೇಳಿ

ಮೇಲೇರಿದ ಮೇಲೆ ಯಾವ ಒಂದೇ ಮೀಟರನ್ನೂ ದಿಟ್ಟಿಸಬೇಡಿ. ದಿಗಂತ ಬಲಕ್ಕೆ ವಾಲಿದೆ ಅನ್ನುತ್ತಿದ್ದರೆ ಹೆಡಿಂಗ್ ಬದಲಾಗುತ್ತಿರಬೇಕು, ಟರ್ನ್ ಕೋಆರ್ಡಿನೇಟರ್ ಬಲಕ್ಕೆ ಬಾಗಿರಬೇಕು. ಒಪ್ಪುವವುಗಳಲ್ಲಿ ಒಂದಾದರೂ ಬೇರೆ ಮೂಲದ್ದಾಗಿರಲಿ. ಒಂದೇ ಪಂಪಿನ ಎರಡು ಮೀಟರ್ ಒಪ್ಪಿದರೆ ಅದು ಎರಡು ಸಾಕ್ಷಿಯಲ್ಲ.

ಇದನ್ನು ಬರೆಯುವಾಗ ನೆನಪಾಗುವುದು 1978ರ ಜನವರಿ 1. ಬೊಂಬಾಯಿಯಿಂದ ದುಬೈಗೆ ಹೊರಟ ಏರ್ ಇಂಡಿಯಾದ 747 ‘ಎಂಪರರ್ ಅಶೋಕ’ ಸಮುದ್ರದ ಕತ್ತಲೆಯ ಮೇಲೆ ಬಲಕ್ಕೆ ತಿರುಗಿ ಮತ್ತೆ ನೆಟ್ಟಗಾಯಿತು. ಕ್ಯಾಪ್ಟನ್ ಎದುರಿನ ದಿಗಂತ ಮಾತ್ರ ಬಲಕ್ಕೆ ವಾಲಿಯೇ ನಿಂತಿತು. ಅವರು ಸರಿಪಡಿಸಲೆಂದು ಎಡಕ್ಕೆ ವಾಲಿಸಿದರು. ಬಾಂದ್ರಾದ ಕರಾವಳಿಯಾಚೆ ವಿಮಾನ ನೀರಿಗೆ ಬಿತ್ತು, 213 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಸಹಪೈಲಟ್ ಎದುರು ಇನ್ನೊಂದು ದಿಗಂತವಿತ್ತು, ಹೆಚ್ಚುವರಿಯಾಗಿ ಮೂರನೆಯದೂ ಇತ್ತು. ಅಷ್ಟು ಅನುಭವಿ ಕ್ಯಾಪ್ಟನ್‌ಗೇ ಅವನ್ನು ಕೇಳಲು ಸಮಯ ಸಿಗಲಿಲ್ಲವೆಂದರೆ, ಒಬ್ಬರೇ ಕೂತು ಹಾರಿಸುವ ಸಣ್ಣ ವಿಮಾನದವರು ಎಷ್ಟು ಎಚ್ಚರವಿರಬೇಕು ಯೋಚಿಸಿ.

ಹಂತ 5: ಮುಚ್ಚಿಬಿಡಿ

ಯಾವುದು ಸುಳ್ಳೆಂದು ಗೊತ್ತಾದ ಕೂಡಲೇ ಅದರ ಮೇಲೊಂದು ಚೀಟಿ ಅಂಟಿಸಿ. ತಮಾಷೆಯಲ್ಲ, ಈ ಇಡೀ ಲೇಖನದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನಿಡಿ. ವರ್ಷಗಟ್ಟಲೆ ನಂಬಿ ಪಳಗಿದ ಕಣ್ಣು ‘ನೋಡುವುದಿಲ್ಲ’ ಎಂದು ನಿರ್ಧರಿಸಿದರೂ ಅತ್ತಲೇ ಹೋಗುತ್ತದೆ, ಫಲಕದ ನಟ್ಟನಡುವೆ ಕೂತಿರುವ ಮೀಟರದು. ಹಳದಿ ಅಂಟುಚೀಟಿಯ ಸಣ್ಣ ಕಟ್ಟೊಂದು ಅಂಗಿಯ ಜೇಬಿನಲ್ಲಿರಲಿ. ಬ್ಯಾಗಿನಲ್ಲಲ್ಲ, ಕತ್ತಲಲ್ಲಿ ಬ್ಯಾಗ್ ತಡಕಾಡಲು ಬಗ್ಗಿದರೆ ತಲೆ ಇನ್ನಷ್ಟು ತಿರುಗುತ್ತದೆ.

ಹಂತ 6: ಉಳಿದವುಗಳಿಂದ ಹಾರಿಸಿ

ಟರ್ನ್ ಕೋಆರ್ಡಿನೇಟರಿನ ರೆಕ್ಕೆ ಮಟ್ಟವಾಗಿದ್ದರೆ ನೇರ ಹೋಗುತ್ತಿದ್ದೀರಿ. ಎತ್ತರ ಬದಲಾಗದಿದ್ದರೆ, ವೇಗ ಬದಲಾಗದಿದ್ದರೆ, ಮೂತಿ ಸರಿಯಿದೆ. ತಿರುಗಬೇಕಾದರೆ ಗಡಿಯಾರ ನೋಡಿ: ಸ್ಟ್ಯಾಂಡರ್ಡ್ ತಿರುವು ಸೆಕೆಂಡಿಗೆ 3 ಡಿಗ್ರಿ, 90 ಡಿಗ್ರಿಗೆ 30 ಸೆಕೆಂಡು. ಕಾಂತೀಯ ದಿಕ್ಸೂಚಿಯನ್ನು ನೇರ ಹಾರುವಾಗ ಮಾತ್ರ ಓದಿ, ತಿರುವಿನಲ್ಲಿ ಅದು ತಪ್ಪಿಸುತ್ತದೆ. ಏರಿದರೂ ಇಳಿದರೂ ಆಲ್ಟಿಮೀಟರ್ ಹೆಪ್ಪುಗಟ್ಟಿದಂತೆ ಕಂಡರೆ, ಒತ್ತಡಕ್ಕೆ ಬದಲಿ ದಾರಿ ತೆರೆಯುವ ಆಲ್ಟರ್ನೇಟ್ ಸ್ಟ್ಯಾಟಿಕ್ ಗುಂಡಿ ಎಳೆಯಿರಿ. ವೇಗದ ಮೀಟರ್ ಅನುಮಾನವೆನಿಸಿದರೆ ಪಿಟಾಟನ್ನು ಬಿಸಿ ಮಾಡುವ ಪಿಟಾಟ್ ಹೀಟ್ ಹಾಕಿ, ಎಂಜಿನ್ ಶಕ್ತಿಯನ್ನು ಗೊತ್ತಿರುವ ಅಳತೆಗೆ ಇಟ್ಟು ಮೂತಿಯನ್ನು ಗೊತ್ತಿರುವ ಜಾಗದಲ್ಲಿ ಹಿಡಿಯಿರಿ.

ವೇಗ ಏರುತ್ತಿದೆ, ಎತ್ತರ ಇಳಿಯುತ್ತಿದೆ, ತಿರುವು ತೋರಿಸುತ್ತಿದೆ ಎಂದಾದರೆ ಸುತ್ತುತ್ತ ಇಳಿಯುವ ಸುಳಿಗೆ ಸಿಕ್ಕಿದ್ದೀರಿ. ಆಗ ಕ್ರಮ ತಪ್ಪಬಾರದು: ಮೊದಲು ಎಂಜಿನ್ ಶಕ್ತಿ ಇಳಿಸಿ, ಆಮೇಲೆ ರೆಕ್ಕೆ ಮಟ್ಟ ಮಾಡಿ, ಕೊನೆಗೆ ಮೂತಿಯನ್ನು ಮೆಲ್ಲಗೆ ಎತ್ತಿ. ದೇಹ ‘ತಪ್ಪು, ತಪ್ಪು’ ಎಂದು ಕೂಗುತ್ತದೆ. ಕುರ್ಚಿಯನ್ನು ನೆನೆಸಿಕೊಳ್ಳಿ.

ಹಂತ 7: ಬಾಯಿ ಬಿಟ್ಟು ಹೇಳಿ

ಕೈ ವಿಮಾನದ ಮೇಲಿರಲಿ, ಅದು ನೆಟ್ಟಗಾದ ಮೇಲೆ ರೇಡಿಯೊ. ಸಂಕೋಚ ಬೇಡ. ದಿಗಂತ ಕೆಟ್ಟಿದೆ ಎಂದು ತುರ್ತು ಘೋಷಿಸಿ, ಮೋಡವಿಲ್ಲದ, ದೀಪವಿರುವ ಊರಿನ ಕಡೆ ದಾರಿ ಕೇಳಿ. ರೇಡಾರ್ ಇದ್ದರೆ ‘ಈಗ ತಿರುಗಿ, ಈಗ ನಿಲ್ಲಿಸಿ’ ಎಂದು ನೆಲದ ಮೇಲಿನ ಕಂಟ್ರೋಲರ್‌ಗಳೇ ಹೇಳುತ್ತಾರೆ. ಒಂದೇ ಸಲಕ್ಕೆ ಹತ್ತು ಸೂಚನೆ ಬಂದರೆ ನಿಧಾನಿಸಲು ಹೇಳಿ. ಪಕ್ಕದಲ್ಲಿ ಯಾರಾದರೂ ಇದ್ದರೆ ಟಾರ್ಚ್ ಹಿಡಿಯಲಿ, ಎತ್ತರವನ್ನು ಗಟ್ಟಿಯಾಗಿ ಓದುತ್ತಿರಲಿ.

ಹೊಸ ವಿಮಾನಗಳಲ್ಲಿ ಬುಗುರಿಯ ಬದಲು ಎಲೆಕ್ಟ್ರಾನಿಕ್ ಪರದೆ ಇದೆ. ತಪ್ಪು ಗೊತ್ತಾದರೆ ಅದು ತನ್ನ ಮೇಲೆ ತಾನೇ ಕೆಂಪು ಗೀಟು ಹಾಕಿಕೊಳ್ಳುತ್ತದೆ, ಇದು ದೊಡ್ಡ ಉಪಕಾರ. ಆದರೆ ವಿದ್ಯುತ್ತು ತಯಾರಿಸುವ ಆಲ್ಟರ್ನೇಟರ್ ಹೋದರೆ ಬ್ಯಾಟರಿ ಇರುವಷ್ಟು ಹೊತ್ತು ಮಾತ್ರ ಅದರ ಆಯಸ್ಸು. ಬೇಡದ ದೀಪ, ಯಂತ್ರಗಳನ್ನು ತಕ್ಷಣ ಆರಿಸಬೇಕು.

ಹಂತ 8: ಇಳಿದ ಮೇಲೆ

ಚಕ್ರ ನೆಲ ಮುಟ್ಟಿದ ಮೇಲೆ ಕೈಕಾಲು ನಡುಗುವುದು ಸಹಜ, ನೀರು ಕುಡಿಯಿರಿ. ಮನೆಗೆ ಹೋಗುವ ಮುಂಚೆ ವಿಮಾನದ ದೋಷಗಳನ್ನು ಬರೆದಿಡುವ ಟೆಕ್ ಲಾಗ್‌ನಲ್ಲಿ ಕೆಟ್ಟ ಮೀಟರಿನ ಹೆಸರು, ಸಮಯ, ಅದು ಏನು ತೋರಿಸಿತು ಎಂದು ಬರೆಯಿರಿ. ‘ಇಳಿಯುವಾಗ ಸರಿಹೋಗಿತ್ತು’ ಎಂದು ಬಿಡಬೇಡಿ, ಬೆಳಗ್ಗೆ ಅದೇ ಸೀಟಿಗೆ ಇನ್ನೊಬ್ಬರ ಮಗಳು ಬಂದು ಕೂರುತ್ತಾಳೆ. ಅಂಟಿಸಿದ ಚೀಟಿಯನ್ನೂ ಕೀಳಬೇಡಿ. ಅದನ್ನು ಎಂಜಿನಿಯರ್ ಬಂದು ತಾವೇ ತೆಗೆಯಲಿ.