ಕ್ಲಚ್ ಪೆಡಲ್ ಮೆತ್ತಗಾಯಿತಾ? ಏರ್ ತೆಗೆಯುವುದು ಹೀಗೆ

ದೇವರಾಯನದುರ್ಗದ ತಿರುವಿನಲ್ಲಿ ಸೆಕೆಂಡ್ ಗೇರ್ ಬೀಳಲೇ ಇಲ್ಲ. ಕ್ಲಚ್ ತುಳಿದರೆ ಪೆಡಲ್ ಮೆತ್ತಗೆ ನೆಲ ಮುಟ್ಟುತ್ತಿತ್ತು. ನಾಲ್ಕೈದು ಸಲ ತುಳಿದ ಮೇಲೆ ಗಟ್ಟಿಯಾಯಿತು, ಗೇರ್ ಬಿತ್ತು. ಹಾಗೇ ನಿಧಾನಕ್ಕೆ ತುಮಕೂರು ಸೇರಿದೆ. ಹೀಗೆ ತುಳಿದಷ್ಟೂ ಪೆಡಲ್ ಗಟ್ಟಿಯಾದರೆ ಕ್ಲಚ್ಚಿನ ಆಯಿಲ್ ಪೈಪಿನೊಳಗೆ ಗಾಳಿ ಸೇರಿರುವ ಸಾಧ್ಯತೆ ಜಾಸ್ತಿ. ಕ್ಲಚ್ ಪ್ಲೇಟ್ ಬಿಚ್ಚಿಸುವ ಮುಂಚೆ ಇದನ್ನು ನೋಡಿ.

ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ನಿಮ್ಮ ಕಾಲಿನ ಒತ್ತಡದ ಹೆಚ್ಚಿನ ಪಾಲು ಆ ಗುಳ್ಳೆಯನ್ನು ಅಮುಕುವುದಕ್ಕೇ ಹೋಗುತ್ತದೆ. ಗೇರ್‌ಬಾಕ್ಸ್ ಹತ್ತಿರ ಇದ್ದು ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್‌ಗೆ ಸಾಕಷ್ಟು ಒತ್ತಡ ತಲುಪುವುದಿಲ್ಲ. ಕೇಬಲ್ ಕ್ಲಚ್ ಇರುವ ಕಾರಿಗೆ ಈ ಕೆಲಸ ಬೇಕಿಲ್ಲ.

ಕ್ಲಚ್ಚಿಗೆ ಹಾಕಲು ಕಾರಿನ ಪುಸ್ತಕದಲ್ಲಿ ಹೇಳಿರುವ ಬ್ರೇಕ್ ಆಯಿಲ್ ತನ್ನಿ. ಸಾಮಾನ್ಯವಾಗಿ ಡಾಟ್ 3 ಅಥವಾ ಡಾಟ್ 4 ಇರುತ್ತದೆ. ಸೀಲ್ ಒಡೆಯದ ಡಬ್ಬಿಯೇ ಬೇಕು. ಈ ಆಯಿಲ್ ಗಾಳಿಯ ತೇವ ಹೀರುತ್ತದೆ, ಮನೆಯಲ್ಲಿ ತೆರೆದಿಟ್ಟ ಹಳೇದು ಬೇಡ. ಸ್ಲೇವ್ ಸಿಲಿಂಡರ್ ಹತ್ತಿರ ಗಾಳಿ ಹೊರಬಿಡಲು ಇರುವ ನಿಪ್ಪಲ್‌ಗೆ ಸರಿಹೋಗುವ ರಿಂಗ್ ಸ್ಪ್ಯಾನರ್, ಒಂದಡಿ ಪಾರದರ್ಶಕ ಟ್ಯೂಬ್, ಒಂದು ಬಾಟಲ್ ಸಾಕು. ಆಯಿಲ್ ಪೇಂಟ್ ಮೇಲೆ ಬಿದ್ದರೆ ಬಣ್ಣ ಕಿತ್ತುಬರುತ್ತದೆ. ತಕ್ಷಣ ನೀರು ಹಾಕಿ ತೊಳೆಯಿರಿ.

ಕಾರನ್ನು ಸಮನೆಲದಲ್ಲಿ ನಿಲ್ಲಿಸಿ. ಕೆಳಗೆ ಹೋಗಬೇಕಾದರೆ ಸ್ಟ್ಯಾಂಡ್ ಕೊಡಿ. ಬರೀ ಜಾಕ್ ನಂಬಿ ಕಾರಿನಡಿ ಯಾವತ್ತೂ ಮಲಗಬೇಡಿ. ನಿಪ್ಪಲ್ ಒರೆಸಿ, ಟ್ಯೂಬ್ ಹಾಕಿ, ಇನ್ನೊಂದು ತುದಿಯನ್ನು ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ.

ಇನ್ನು ಇಬ್ಬರ ಕೆಲಸ. ನಮ್ಮ ಮನೆಯಲ್ಲಿ ಪೆಡಲ್ ಹತ್ತಿರ ಮಗಳು ಕೂತಳು, ನಾನು ಕೆಳಗೆ. ಅವಳು ನಾಲ್ಕೈದು ಸಲ ನಿಧಾನಕ್ಕೆ ತುಳಿದು, ಪೆಡಲ್ ಒತ್ತಿ ಹಿಡಿದು, ‘ಒತ್ತಿದೀನಿ ಅಪ್ಪಾ’ ಅನ್ನುತ್ತಿದ್ದಳು. ಆಗ ನಿಪ್ಪಲ್ ಅರ್ಧ ಸುತ್ತು ಸಡಿಲಿಸುತ್ತಿದ್ದೆ. ಗುಳ್ಳೆ, ಕಪ್ಪಗಿನ ಆಯಿಲ್ ಹೊರಬರುತ್ತಿತ್ತು. ನಿಪ್ಪಲ್ ಮುಚ್ಚಿದ ಮೇಲಷ್ಟೇ ‘ಬಿಡು’ ಅನ್ನುತ್ತಿದ್ದೆ. ಈ ಒಂದು ಮಾತು ತಪ್ಪಿದರೆ ಪೆಡಲ್ ಮೇಲೇಳುವಾಗ ಗಾಳಿಯನ್ನು ವಾಪಸ್ ಎಳೆದುಕೊಳ್ಳುತ್ತದೆ, ಅಷ್ಟು ಹೊತ್ತಿನ ಕೆಲಸವೂ ಹಾಳು. ಪೆಡಲ್ ತಾನಾಗಿ ಮೇಲೆ ಬರದಿದ್ದರೆ ಕೈಯಲ್ಲಿ ಎತ್ತಿಕೊಳ್ಳಿ.

ಮೂರ್ನಾಲ್ಕು ಸಲಕ್ಕೊಮ್ಮೆ ಬಾನೆಟ್ ಕೆಳಗಿನ ಆಯಿಲ್ ಡಬ್ಬಿ ನೋಡಿ, ತುಂಬಿಸಿ. ಮೊದಲ ಸಲ ನಾನು ಇದನ್ನು ಮರೆತು, ಮತ್ತೆ ಮೊದಲಿಂದ ಶುರು ಮಾಡಬೇಕಾಯಿತು. ಎಷ್ಟೋ ಕಾರುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ. ಅದು ಖಾಲಿಯಾದರೆ ಬ್ರೇಕಿಗೂ ಗಾಳಿ ಹೋಗಬಹುದು.

ಗುಳ್ಳೆ ನಿಂತು ತಿಳಿ ಆಯಿಲ್ ಬಂದರೆ ನಿಪ್ಪಲ್ ಬಿಗಿ ಮಾಡಿ. ಜಾಸ್ತಿ ಬಿಗಿದರೆ ಮುರಿಯುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು ಎಂಜಿನ್ ಶುರು ಮಾಡಿ. ಕ್ಲಚ್ ಪೂರ್ತಿ ತುಳಿದು ಎರಡು ಮೂರು ಸೆಕೆಂಡ್ ಬಿಟ್ಟು ರಿವರ್ಸ್ ಹಾಕಿ. ಕರಕರ ಅನ್ನದೆ ಬಿದ್ದರೆ ಏರ್ ಹೋಗಿದೆ.

ಒಂದೆರಡು ದಿನದಲ್ಲೇ ಪೆಡಲ್ ಮತ್ತೆ ಮೆತ್ತಗಾದರೆ ಸುಮ್ನೆ ಏರ್ ತೆಗೆಯುತ್ತಾ ಕೂರಬೇಡಿ. ಎಲ್ಲೋ ಸೋರುತ್ತಿದೆ. ಪೆಡಲ್ ಹಿಂದಿನ ಮಾಸ್ಟರ್ ಸಿಲಿಂಡರ್, ಸ್ಲೇವ್ ಸಿಲಿಂಡರ್‌ನ ರಬ್ಬರ್ ಎರಡನ್ನೂ ಬೆರಳಲ್ಲಿ ಮುಟ್ಟಿ ನೋಡಿ. ಎಲ್ಲಿ ಒದ್ದೆಯಿದೆಯೋ ಅಲ್ಲಿಂದ ರಿಪೇರಿ ಶುರು ಮಾಡಿಸಿ.