ಉಪ್ಪುನೀರಿನಲ್ಲಿ ಒಂದು ನೇರಳೆ ಕೋಶ

ಅಭಿಸರಣೆಯ, ಅಂದರೆ ದ್ರಾವಣ ತೆಳುವಾಗಿರುವ ಕಡೆಯಿಂದ ಗಟ್ಟಿಯಾಗಿರುವ ಕಡೆಗೆ ಪೊರೆಯ ಮೂಲಕ ನೀರು ದಾಟುವುದರ, ಚಿತ್ರವನ್ನು ಬೋರ್ಡಿನ ಮೇಲೆ ಎಷ್ಟೋ ಸಲ ಬರೆದಿದ್ದೇನೆ. ಅದು ನನಗೆ ನಿಜವಾಗಿ ಮನಸ್ಸಿಗೆ ಇಳಿದಿದ್ದು ಮಾತ್ರ ರಿಯೋ ಎಂಬ ಅಲಂಕಾರಿಕ ಗಿಡದ ಎಲೆಯ ಸಿಪ್ಪೆಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದ ಮೇಲೆ.

ರಿಯೋ ಎಲೆಯ ಅಡಿಭಾಗ ನೇರಳೆ. ಆ ಬಣ್ಣ ಇರುವುದು ಕೋಶದ ರಸದಾನಿಯೊಳಗೆ, ಅಂದರೆ ಕೋಶದೊಳಗೆ ರಸ ತುಂಬಿದ ಚೀಲದಲ್ಲಿ. ಹಾಗಾಗಿ ಬೇರೆ ಬಣ್ಣ ಹಾಕಬೇಕಿಲ್ಲ. ಎಲೆಯನ್ನು ಓರೆಯಾಗಿ ಹರಿದರೆ ಅಂಚಿನಲ್ಲಿ ತೆಳು ಸಿಪ್ಪೆ ಏಳುತ್ತದೆ. ಅದನ್ನು ಕೂಡಲೇ ನೀರಿನ ಹನಿಗೆ ಹಾಕಬೇಕು. ಮೊದಲ ಸಲ ನಾನು ಸುಮ್ನೆ ಸ್ಲೈಡಿನ ಮೇಲೆ ಬಿಟ್ಟಿದ್ದೆ, ಒಣಗಿತು. ಆಮೇಲೆ ಉಪ್ಪುನೀರು ಹಾಕಿದರೂ ಏನೂ ಆಗಲಿಲ್ಲ. ಕೋಶಗಳು ಸತ್ತಿದ್ದವು.

ಹೊಸ ಸಿಪ್ಪೆ ತೆಗೆದೆ. 100 ಮಿ.ಲೀ. ನೀರಿಗೆ 5 ಗ್ರಾಂ ಉಪ್ಪು ಕರಗಿಸಿ, ಕವರ್ ಸ್ಲಿಪ್ಪಿನ ಒಂದು ಅಂಚಿಗೆ ಹನಿ ಬಿಟ್ಟೆ. ಇನ್ನೊಂದು ಅಂಚಿಗೆ ಫಿಲ್ಟರ್ ಪೇಪರ್ ತಾಗಿಸಿದರೆ ಅದು ಹಳೆಯ ನೀರನ್ನು ಹೀರಿಕೊಳ್ಳುತ್ತದೆ. ಕೆಲವೇ ನಿಮಿಷ, ನೇರಳೆ ಭಾಗ ಮೂಲೆಗಳಿಂದ ಬಿಟ್ಟುಕೊಂಡು ಒಳಗೆ ಕುಗ್ಗಿತು. ನೀರು ಹೊರಗೆ ಹೋದಷ್ಟೂ ಬಣ್ಣ ಗಾಢವಾಯಿತು. ಹೊರಗಿನ ಗೋಡೆ ಮಾತ್ರ ಇದ್ದ ಹಾಗೇ ಇತ್ತು.

ಇಲ್ಲೇ ನಾನು ಮಕ್ಕಳನ್ನು ಕೇಳುವುದು: ಗೋಡೆಗೂ ಕುಗ್ಗಿದ ಪೊರೆಗೂ ನಡುವೆ ಏನಿದೆ? ಬಹಳಷ್ಟು ಜನ ಗಾಳಿ ಅನ್ನುತ್ತಾರೆ. ಇಲ್ಲ, ಅಲ್ಲಿರುವುದು ಉಪ್ಪುನೀರು. ಕೋಶಭಿತ್ತಿ ಉಪ್ಪನ್ನು ತಡೆಯುವುದಿಲ್ಲ, ತಡೆಯುವುದು ಅದರೊಳಗಿನ ಪೊರೆ. ಈ ಒಂದು ಉತ್ತರ ಹೊಳೆದರೆ ಪಾಠದ ಮುಕ್ಕಾಲು ಭಾಗ ಮುಗಿದಂತೆ. ಸಿಪ್ಪೆಯನ್ನು ಕುದಿಸಿ ನೋಡಿದರೆ ಇದು ಇನ್ನೂ ಖಚಿತವಾಗುತ್ತದೆ. ಪೊರೆ ಹಾಳಾಗಿ ನೇರಳೆ ಬಣ್ಣವೇ ಹೊರಗೆ ಸೋರುತ್ತದೆ, ಆಮೇಲೆ ಉಪ್ಪಿಗೆ ಕುಗ್ಗುವ ಮಾತೇ ಇಲ್ಲ.

ನೀರಿಗೆ ಪೊರೆಯಲ್ಲಿ ಬೇರೆ ಕಿಂಡಿಗಳೇ ಇವೆ, ಅಕ್ವಾಪೊರಿನ್ ಎಂಬ ಪ್ರೋಟೀನುಗಳು. ಅವನ್ನು ಕಂಡುಹಿಡಿದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ನನಗೆ ಜಾಸ್ತಿ ಇಷ್ಟವಾದ ಪ್ರಯೋಗ ಗ್ಲಿಸರಾಲಿನದು. ಮುಚ್ಚಳವಿರುವ ತಟ್ಟೆಯಲ್ಲಿ ಸಿಪ್ಪೆಯನ್ನು ಗ್ಲಿಸರಾಲ್ ದ್ರಾವಣದಲ್ಲಿ ಇಟ್ಟೆ. ಮೊದಲು ಉಪ್ಪಿನಲ್ಲಿ ಆದಂತೆಯೇ ಕೋಶ ಕುಗ್ಗಿತು. ಆದರೆ ಗ್ಲಿಸರಾಲ್ ನಿಧಾನವಾಗಿ ಪೊರೆ ದಾಟುತ್ತದೆ, ಅದರ ಹಿಂದೆಯೇ ನೀರೂ ಒಳಗೆ ಬರುತ್ತದೆ. ತಾಳ್ಮೆಯಿಂದ ಕಾದೆ. ದ್ರಾವಣ ಬದಲಿಸದೆಯೇ ನೇರಳೆ ಭಾಗ ಮತ್ತೆ ಗೋಡೆಯ ಕಡೆಗೆ ಹಿಗ್ಗುತ್ತಾ ಬಂತು.